“ಹಾಲು ಬಂತಾ?” ಅಂತ ಕೇಳೋದನ್ನ ನಿಲ್ಲಿಸಿ

ಹೆರಿಗೆಯಾದ ಎರಡನೇ ದಿನ. ಹೊಸಪೇಟೆಯ ಒಂದು ಆಸ್ಪತ್ರೆ. ಸಿಸೇರಿಯನ್ ಹೊಲಿಗೆ ಹಿಡಿದುಕೊಂಡು ಮಲಗಿದ್ದ ನನ್ನನ್ನು ಅವತ್ತು ಹನ್ನೊಂದು ಜನ ಒಂದೇ ಪ್ರಶ್ನೆ ಕೇಳಿದರು. “ಹಾಲು ಬಂತಾ?” ಬೆಂಗಳೂರಿಂದ ಹಂಪಿ ನೋಡೋಕೆ ಬಂದವರು, ಹಾಗೇ ಕೂಸನ್ನೂ ನೋಡಿಕೊಂಡು ಹೋಗೋಣ ಅಂತ ಬಂದ ನೆಂಟರೂ ಅದರಲ್ಲಿದ್ದರು. ವಿರೂಪಾಕ್ಷನ ಗುಡಿ, ಕಲ್ಲಿನ ರಥ, ಆಮೇಲೆ ನಾನು.

ಹನ್ನೊಂದು ಜನರಲ್ಲಿ ಒಬ್ಬರೂ ಕೇಳದೇ ಹೋದ ಪ್ರಶ್ನೆ ಇನ್ನೊಂದಿತ್ತು. “ಕೂಸಿಗೆ ಹಾಲು ಕುಡಿಸೋದು ಹೇಗೆ ಅಂತ ನಿನಗೆ ಯಾರಾದರೂ ತೋರಿಸಿಕೊಟ್ರಾ?”

ಯಾರೂ ತೋರಿಸಿರಲಿಲ್ಲ. ಕೂಸು ಅಳುತ್ತಿತ್ತು, ಎದೆಯ ತುದಿ ಒಡೆದು ರಕ್ತ ಬರುತ್ತಿತ್ತು. ರಾತ್ರಿ ಪಾಳಿಯ ಸಿಸ್ಟರ್ ಬಂದು, “ನಿಮಗೆ ಹಾಲು ಕಮ್ಮಿ, ಪುಡಿ ತರಿಸಿಬಿಡಿ” ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಡೀ ವಾರ್ಡಿಗೆ ಅವರೊಬ್ಬರೇ ಇದ್ದರು. ನನ್ನ ಸಿಟ್ಟೆಲ್ಲ ಆ “ಕಮ್ಮಿ” ಅನ್ನೋ ಮಾತಿನ ಮೇಲೆ. ಅಳೆದವರಿಲ್ಲ, ನೋಡಿದವರಿಲ್ಲ, ತೀರ್ಪು ಮಾತ್ರ ಬಂದಾಗಿತ್ತು.

ನನ್ನ ವಾದ ಇಷ್ಟೇ. ಮೊದಲ ವಾರ ಹಾಲು “ಬರಲಿಲ್ಲ” ಅನ್ನೋದು ಬಹಳಷ್ಟು ಸಲ ತಾಯಿಯ ಮೈಯ ಸೋಲಲ್ಲ. ಅವಳ ಪಕ್ಕ ಕೂರಬೇಕಾದವರು ಯಾರೂ ಕೂರಲಿಲ್ಲ ಅಂತ ಅದರ ಅರ್ಥ.

ಟಿ.ಬಿ. ಡ್ಯಾಂ ನೋಡಿ ಬೆಳೆದ ನಮಗೆ ಎಲ್ಲವೂ ಡ್ಯಾಮಿನ ಲೆಕ್ಕ. ಒಳಹರಿವು ಎಷ್ಟು, ಇನ್ನೆಷ್ಟು ಟಿಎಂಸಿ ಉಳಿದಿದೆ, ಗೇಟು ಯಾವಾಗ ಎತ್ತುತ್ತಾರೆ. ಎದೆಹಾಲನ್ನೂ ಹಾಗೇ ನೋಡ್ತೀವಿ, ತುಂಬಲಿ, ಆಮೇಲೆ ಕುಡಿಸೋಣ ಅಂತ. ಆದರೆ ಎದೆ ಡ್ಯಾಮಲ್ಲ. ಬೇಸಿಗೆಯಲ್ಲಿ ಹೊಳೆಯ ಮರಳಲ್ಲಿ ತೋಡುವ ಒರತೆ. ಮೊಗೆದಷ್ಟೂ ಜಿನುಗುತ್ತದೆ, ಮೊಗೆಯೋದು ಬಿಟ್ಟರೆ ನಿಲ್ಲುತ್ತದೆ. ಮೊದಲ ದಿನಗಳಲ್ಲಿ ಬರೋದು ಗಟ್ಟಿಯಾದ ಹಳದಿ ಹಾಲು, ಅದೂ ಚಮಚದ ಲೆಕ್ಕದಲ್ಲಿ. ಆ ಪುಟ್ಟ ಹೊಟ್ಟೆಗೆ ಬೇಕಾಗಿರೋದೂ ಅಷ್ಟೇ. ಹಾಲು ತುಂಬಿಕೊಳ್ಳೋದು ಸಾಮಾನ್ಯವಾಗಿ ಎರಡರಿಂದ ಐದನೇ ದಿನದೊಳಗೆ, ಸಿಸೇರಿಯನ್ ಆದವರಿಗೆ ಒಮ್ಮೊಮ್ಮೆ ಇನ್ನೂ ತಡ. ಅಷ್ಟರೊಳಗೆ ಗಾಬರಿಬಿದ್ದು ಬಾಟಲಿ ಕೊಟ್ಟರೆ ಕೂಸು ಹೊಟ್ಟೆ ತುಂಬಿ ಮಲಗುತ್ತದೆ, ಎದೆ ಚೀಪಲ್ಲ. ಚೀಪದಿದ್ದರೆ ಒರತೆ ಊರಲ್ಲ. ಮೂರನೇ ದಿನ, “ನೋಡು, ನಾನು ಹೇಳಿರಲಿಲ್ವಾ?” ಅನ್ನೋಕೆ ಜನ ರೆಡಿ.

“ಈಗಿನ ಹುಡುಗೀರಿಗೆ ಇದೆಲ್ಲ ಗೊತ್ತಿಲ್ಲ” ಅನ್ನುವವರು ಒಂದು ಲೆಕ್ಕ ನೋಡಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಗಿರೋದು ಆಸ್ಪತ್ರೆಗಳಲ್ಲಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಮಾತ್ರ ಶೇ. 41.8. ಅಂದರೆ ಡಾಕ್ಟರು, ನರ್ಸು, ತೂಕದ ಯಂತ್ರ ಎಲ್ಲ ಇರುವ ಕಟ್ಟಡದೊಳಗೇ ಆ ಮೊದಲ ಗಂಟೆ ಕೈತಪ್ಪುತ್ತಿದೆ. ಇದು ಹುಡುಗಿಯರ ಅಜ್ಞಾನ ಹೇಗಾಗುತ್ತದೆ?

ಸರಕಾರಕ್ಕೆ ಗೊತ್ತಿಲ್ಲ ಅಂತಲ್ಲ. 2016ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಸ್ತನ್ಯಪಾನಕ್ಕೆಂದೇ ಒಂದು ಕಾರ್ಯಕ್ರಮ ಶುರು ಮಾಡಿತು. ಹೆಸರು “ಮಾ”, ಬಿಡಿಸಿದರೆ “ಮದರ್ಸ್ ಅಬ್ಸಲ್ಯೂಟ್ ಅಫೆಕ್ಷನ್”. ತಾಯಿಯ ಪರಿಪೂರ್ಣ ಮಮತೆ! ಕೆಲಸ ಒಳ್ಳೆಯದೇ, ಹೆಸರು ಮಾತ್ರ ನನಗೆ ಚುಚ್ಚುತ್ತದೆ. ಹಾಲು ಕುಡಿಸೋದು ಮಮತೆಯ ವಿಷಯವಾದರೆ, ಹಾಲು ಬಾರದವಳಿಗೆ ಮಮತೆ ಕಮ್ಮಿ ಅಂತಲಾ? ಇದು ಕಲಿಯಬೇಕಾದ ಕೆಲಸ. ಸೈಕಲ್ ಕಲಿಸುವಾಗ ಹಿಂದೆ ಒಬ್ಬರು ಹಿಡಿದುಕೊಂಡು ಓಡ್ತಾರೆ. ಇಲ್ಲಿ ಸೈಕಲ್ ಕೊಟ್ಟು, ಬಿದ್ದ ಮೇಲೆ “ನಿನಗೆ ಪ್ರೀತಿ ಸಾಲದು” ಅಂತೀವಿ.

ಸಂಡೂರಿನ ಬೆಟ್ಟದ ಬಗ್ಗೆ ನಮ್ಮ ಕಡೆ ಹೇಳುವ ಕಥೆಯೊಂದಿದೆ. ತಾಯಿಯ ಮೇಲೆ ಮುನಿದ ಕುಮಾರಸ್ವಾಮಿ ಕುಡಿದ ಹಾಲನ್ನೆಲ್ಲ ಕಕ್ಕಿ, ಬಂದು ಆ ಬೆಟ್ಟ ಸೇರಿದನಂತೆ. ಅವನ ಗುಡಿಯ ಪಕ್ಕದಲ್ಲೇ ಪಾರ್ವತಿಯ ಗುಡಿಯೂ ಇದೆ. ಕಥೆ ಹೇಳುವವರು ಮಗನ ಸಿಟ್ಟನ್ನು ವರ್ಣಿಸ್ತಾರೆ. ಹಾಲು ಕೊಟ್ಟವಳಿಗೆ ಏನನ್ನಿಸಿತು ಅಂತ ಚಿಕ್ಕಂದಿನಲ್ಲಿ ನಾನೂ ಕೇಳಿರಲಿಲ್ಲ.

ಮೂರನೇ ದಿನ ಕಂಪ್ಲಿಯಿಂದ ದೊಡ್ಡಮ್ಮ ಬಂದಳು. ಮೊದಲು ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿದಳು. ಹೊಲಿಗೆಗೆ ತಾಗದಂತೆ ತೊಡೆ ಮೇಲೆ ದಿಂಬಿಟ್ಟು, ಕೂಸಿನ ಹೊಟ್ಟೆ ನನ್ನ ಮೈಗೆ ಅಂಟುವ ಹಾಗೆ ಮಲಗಿಸಿದಳು. “ಎದೆನ ಕೂಸಿನ ಹತ್ರ ಒಯ್ಯಬ್ಯಾಡಮ್ಮಾ, ಕೂಸನ್ನ ಎದೆ ಹತ್ರ ತಾ. ತಡಿ, ಆಕಳಿಸೋ ಹಂಗ ಬಾಯಿ ದೊಡ್ಡದಾಗಿ ತೆಗೀಲಿ. ಬರೀ ತುದಿ ಕಚ್ಚಿದ್ರ ನಿನಗೂ ನೋವು, ಅದಕ್ಕೂ ಹೊಟ್ಟೆ ತುಂಬಲ್ಲ.” ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು ಅಂತ ನನಗೆ ಗೊತ್ತಾಗಿದ್ದೇ ಆವಾಗ. ನೋವಾದರೆ ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸು, ಮತ್ತೆ ಶುರು ಮಾಡು ಅಂದಳು. ಎರಡು ದಿನ ಹೀಗೇ ಪಕ್ಕದಲ್ಲಿ ಕೂತಳು.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಅದೇ ದೊಡ್ಡಮ್ಮ ಬಾಣಂತಿಗೆ ಶೀತ ಅಂತ ನನ್ನ ಕುಡಿಯೋ ನೀರಿಗೆ ಅಡ್ಡ ಬಂದಳು, ನಮ್ಮೂರ ಬಿಸಿಲಿಗೆ ಕೂಸಿಗೆ ನಾಲ್ಕು ಹನಿ ನೀರು ಹಾಕು ಅಂದಳು. ಎರಡೂ ತಪ್ಪು. ಎದೆಹಾಲಿನಲ್ಲಿ ಬಹುಪಾಲು ನೀರೇ ಇದೆ, ಆರು ತಿಂಗಳು ಕೂಸಿಗೆ ಬೇರೆ ನೀರು ಬೇಡ. ನೀರು ಬೇಕಾಗಿದ್ದದ್ದು ನನಗೆ. ದೊಡ್ಡಮ್ಮನ ಕೈ ಮತ್ತು ತರಬೇತಾದ ನರ್ಸಿನ ತಿಳಿವಳಿಕೆ, ಎರಡೂ ಒಬ್ಬರಲ್ಲೇ ಸಿಗಬೇಕು. ಅಂಥವರೊಬ್ಬರು ಪ್ರತಿ ಹೆರಿಗೆ ವಾರ್ಡಿನಲ್ಲಿ ರಾತ್ರಿಯೂ ಇರಲಿ ಅಂತ ಕೇಳೋದು ದುರಾಸೆಯಾ?

ಪುಡಿಹಾಲು ವಿಷ ಅಂತಲೂ ನಾನು ಹೇಳಲ್ಲ. ಕೆಲವರಿಗೆ ನಿಜಕ್ಕೂ ಹಾಲು ಸಾಲದು. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿರಬಹುದು, ಥೈರಾಯ್ಡ್ ತೊಂದರೆ ಇರಬಹುದು, ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ಚೀಪೋ ಶಕ್ತಿ ಇರದಿರಬಹುದು. ಅವರು ಡಾಕ್ಟರನ್ನು ಕೇಳಿ ಒಳಲೆಯಲ್ಲಿ ಪುಡಿಹಾಲು ಕುಡಿಸಲಿ, ತಲೆ ಎತ್ತಿಕೊಂಡು. ಆದರೆ “ಕಮ್ಮಿ” ಅನ್ನೋ ಮೊದಲು ಲೆಕ್ಕ ನೋಡಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸ್ತಿದ್ದೀರಾ? ಐದನೇ ದಿನದ ಹೊತ್ತಿಗೆ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ತಿದೆಯಾ? ಮೊದಲು ಸ್ವಲ್ಪ ಇಳಿದ ತೂಕ ಎರಡು ವಾರದೊಳಗೆ ವಾಪಸ್ ಬಂತಾ? ಕೂಸು ಮಂಕಾಗಿ ಏಳದೇ ಮಲಗಿದ್ದರೆ, ಉಚ್ಚೆ ಕಮ್ಮಿಯಾದರೆ, ಮೈ ಹಳದಿಯಾಗ್ತಿದ್ದರೆ ಯಾರ ಸಲಹೆಗೂ ಕಾಯದೆ ಡಾಕ್ಟರ ಹತ್ತಿರ ಓಡಿ.

ಇನ್ನು ನಮ್ಮ ಲ್ಯಾಪ್‌ಟಾಪ್ ಜನಕ್ಕೆ ಎರಡು ಮಾತು. 26 ವಾರಗಳ ರಜೆ, 50 ಜನರಿರುವ ಕಚೇರಿಯಲ್ಲಿ ಶಿಶುಪಾಲನಾ ಕೇಂದ್ರ, ಇವನ್ನೆಲ್ಲ ಕಾನೂನು ನಮಗೆ ಕೊಟ್ಟಿದೆ. ಆದರೆ ಎಷ್ಟೋ ಜನರ ಆಟ ಮೊದಲ ವಾರದಲ್ಲೇ ಮುಗಿದುಹೋಗಿರುತ್ತದೆ. ಗಂಡಸರೇ, ನಾಮಕರಣಕ್ಕೆ ಅಂತ ಎತ್ತಿಟ್ಟ ರಜೆಯನ್ನು ಆ ವಾರಕ್ಕೇ ಹಾಕಿ. ಆಸ್ಪತ್ರೆ ಗೊತ್ತು ಮಾಡುವಾಗ ಎಸಿ ರೂಮು ಇದೆಯಾ ಅನ್ನೋದಕ್ಕಿಂತ ಮೊದಲು, “ಸಿಸೇರಿಯನ್ ಆದರೆ ರಾತ್ರಿ ಹಾಲು ಕುಡಿಸೋಕೆ ಯಾರು ಸಹಾಯ ಮಾಡ್ತಾರೆ?” ಅಂತ ಕೇಳಿ. ಪುಡಿಹಾಲಿನ ಉಚಿತ ಸ್ಯಾಂಪಲ್ ಯಾರಾದರೂ ಕೈಗಿಟ್ಟರೆ, ಅದನ್ನು ಹಂಚೋದು 1992ರ ಕಾಯ್ದೆಯ ಪ್ರಕಾರ ಅಪರಾಧ ಅಂತ ನೆನಪಿಸಿ.

ಬಾಣಂತಿ ನೋಡೋಕೆ ಹೋಗುವವರೇ, “ಊಟ ಆಯ್ತಾ? ನಿದ್ದೆ ಬಂತಾ?” ಅಂತ ಕೇಳಿ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದು ಬನ್ನಿ. ಅದಾಗಲ್ಲ ಅಂದರೆ ಹಂಪಿಯಲ್ಲೇ ಇನ್ನೊಂದು ಸಂಜೆ ಉಳಿದುಬಿಡಿ.