ಹದಿಮೂರಕ್ಕೆ ಹದಿಮೂರು ಗೆದ್ದರೂ ಸೀಟು ಸಿಗಲಿಲ್ಲ

2023ರ ಡಿಸೆಂಬರ್ 2ರ ರಾತ್ರಿ ಅಮೆರಿಕದ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ ಆ ಸೀಸನ್ನಿನ ಹದಿಮೂರನೇ ಪಂದ್ಯವನ್ನೂ ಗೆದ್ದಿತು. ಆಡಿದ್ದು 13, ಗೆದ್ದದ್ದು 13. ಮಾರನೇ ದಿನ ರಾಷ್ಟ್ರೀಯ ಪ್ಲೇಆಫ್‌ಗೆ ಆಯ್ಕೆಯಾದ ನಾಲ್ಕು ತಂಡಗಳ ಹೆಸರು ಪ್ರಕಟವಾಯಿತು. ಮಿಷಿಗನ್, ವಾಷಿಂಗ್ಟನ್, ಟೆಕ್ಸಾಸ್, ಅಲಬಾಮ. ಫ್ಲೋರಿಡಾ ಸ್ಟೇಟ್‌ಗೆ ಐದನೇ ಸ್ಥಾನ. ಅದಕ್ಕಿಂತ ಮೇಲೆ ಕೂತ ಟೆಕ್ಸಾಸ್ ಮತ್ತು ಅಲಬಾಮ ಎರಡೂ ಒಂದೊಂದು ಪಂದ್ಯ ಸೋತಿದ್ದವು.

ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ನನಗೆ ಇದರ ಹುಚ್ಚು ಹತ್ತಿಸಿದ್ದು ಟ್ಯಾಲಹಾಸಿಯಲ್ಲಿ ಎಂಎಸ್ ಓದುತ್ತಿದ್ದ ದೊಡ್ಡಪ್ಪನ ಮಗ. ಫ್ಲೋರಿಡಾ ಸ್ಟೇಟ್ ಇರುವುದು ಅದೇ ಊರಲ್ಲಿ. ಅಣ್ಣ ಕಳಿಸುತ್ತಿದ್ದ ವಿಡಿಯೊಗಳಲ್ಲಿ ಮೊದಮೊದಲು ನನಗೆ ಕಾಣುತ್ತಿದ್ದದ್ದು ಜನಜಂಗುಳಿ ಮಾತ್ರ. ಕಾಲೇಜು ಹುಡುಗರ ಆಟಕ್ಕೆ ಇಷ್ಟು ಜನ ಸೇರುತ್ತಾರಾ ಅನ್ನಿಸುತ್ತಿತ್ತು. ಆಟದ ನಿಯಮ ಆಮೇಲೆ ಅರ್ಥವಾಯಿತು. ಆಯ್ಕೆಯ ನಿಯಮ ಮಾತ್ರ ಎರಡು ವರ್ಷ ತಲೆ ತಿಂದಿತು. ಅದರ ಬಗ್ಗೆಯೇ ಈ ಬರಹ.

ಅಲ್ಲಿ ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಒಂದೊಂದು ತಂಡ ಸೀಸನ್ನಿಗೆ ಆಡುವುದು 12 ಪಂದ್ಯ. ಕಾನ್ಫರೆನ್ಸ್ ಫೈನಲ್‌ಗೆ ಹೋದರೆ 13. ಕಾನ್ಫರೆನ್ಸ್ ಅಂದರೆ ನಮ್ಮ ರಣಜಿಯ ಗುಂಪಿನ ಹಾಗೆ; ಆದರೆ ಇಲ್ಲಿ ಗುಂಪು ವರ್ಷ ವರ್ಷ ಬದಲಾಗುವುದಿಲ್ಲ. ಎಲ್ಲರೂ ಎಲ್ಲರ ಮೇಲೆ ಆಡುವುದು ಸಾಧ್ಯವೇ ಇಲ್ಲದ್ದರಿಂದ ಪಾಯಿಂಟ್ ಪಟ್ಟಿ ಇಟ್ಟುಕೊಂಡು ಪ್ಲೇಆಫ್ ನಿರ್ಧರಿಸಲು ಬರುವುದಿಲ್ಲ. ಹಾಗಾಗಿ 13 ಜನರ ಸಮಿತಿಯೊಂದು ಕೂತು ರ್‍ಯಾಂಕ್ ಕೊಡುತ್ತದೆ. 2014ರಿಂದ 2023ರವರೆಗೆ ಆ ಪಟ್ಟಿಯ ಮೊದಲ ನಾಲ್ಕು ತಂಡಗಳಿಗೆ ಮಾತ್ರ ಪ್ಲೇಆಫ್. ಆ ಹತ್ತು ವರ್ಷಗಳಲ್ಲಿ ಐದು ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಒಂದನ್ನು ಗೆದ್ದು, ಒಂದೂ ಸೋಲಿಲ್ಲದೆ ಹೊರಗುಳಿದ ತಂಡ ಫ್ಲೋರಿಡಾ ಸ್ಟೇಟ್ ಒಂದೇ.

ಅವರದು ಕಡಿಮೆ ಸೀಸನ್ನೇನಲ್ಲ. ಮೊದಲ ಪಂದ್ಯದಲ್ಲೇ ಎಲ್‌ಎಸ್‌ಯು ತಂಡವನ್ನು 45–24ರಿಂದ ಸೋಲಿಸಿದರು. ಕ್ಲೆಮ್ಸನ್‌ನಲ್ಲಿ ಹೋಗಿ ಹೆಚ್ಚುವರಿ ಸಮಯದಲ್ಲಿ 31–24ರಿಂದ ಗೆದ್ದರು. ತಂಡದ ಜೀವಾಳ ಜೋರ್ಡನ್ ಟ್ರಾವಿಸ್. ಕ್ವಾರ್ಟರ್‌ಬ್ಯಾಕ್. ಪ್ರತಿ ದಾಳಿಯಲ್ಲೂ ಚೆಂಡು ಮೊದಲು ಬರುವುದು ಇವನ ಕೈಗೆ, ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನೂ ಇವನೇ. ನವೆಂಬರ್ 18ರಂದು ನಾರ್ತ್ ಅಲಬಾಮ ವಿರುದ್ಧದ ಪಂದ್ಯದಲ್ಲಿ ಟ್ರಾವಿಸ್‌ನ ಕಾಲು ಮುರಿಯಿತು. ಆ ಪಂದ್ಯವನ್ನು ತಂಡ ಹೇಗೂ ಗೆದ್ದಿತು. ಮುಂದಿನ ವಾರ ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನು ಇಟ್ಟುಕೊಂಡು ಫ್ಲೋರಿಡಾ ಯೂನಿವರ್ಸಿಟಿಯನ್ನು 24–15ರಿಂದ ಸೋಲಿಸಿತು. ಅವನ ತಲೆಗೂ ಪೆಟ್ಟಾಯಿತು. ಕಾನ್ಫರೆನ್ಸ್ ಫೈನಲ್‌ಗೆ ಮೊದಲ ವರ್ಷದ ಹುಡುಗ ಬ್ರಾಕ್ ಗ್ಲೆನ್ ಇಳಿದ. 21 ಎಸೆತಗಳಲ್ಲಿ ಗುರಿ ಮುಟ್ಟಿದ್ದು 8, ಬಂದದ್ದು 55 ಯಾರ್ಡ್. ಆದರೂ ಡಿಫೆನ್ಸ್ ಎದುರಾಳಿ ಲೂಯಿವಿಲ್‌ಗೆ ಒಂದೂ ಟಚ್‌ಡೌನ್ ಕೊಡಲಿಲ್ಲ. 16–6.

ಸಮಿತಿ ಕೊಟ್ಟ ಕಾರಣ ಸರಳ: ಟ್ರಾವಿಸ್ ಇಲ್ಲದ ತಂಡ ಮೊದಲಿನ ತಂಡವಲ್ಲ. ಇದನ್ನು ಅವರು ಆ ಭಾನುವಾರ ಹೊಸದಾಗಿ ಹುಟ್ಟಿಸಿದ್ದೂ ಅಲ್ಲ. ಮುಖ್ಯ ಆಟಗಾರ ಇಲ್ಲದಿದ್ದರೆ ಮುಂದಿನ ಆಟದ ಮೇಲೆ ಆಗುವ ಪರಿಣಾಮವನ್ನು ಪರಿಗಣಿಸಬಹುದು ಎಂದು ಸಮಿತಿಯ ನಿಯಮಾವಳಿಯಲ್ಲೇ ಇತ್ತು. ಇನ್ನೊಂದು ಕಡೆ, ಅದೇ ಶನಿವಾರ ಅಲಬಾಮ ಸಾಮಾನ್ಯ ತಂಡವನ್ನೇನೂ ಸೋಲಿಸಿರಲಿಲ್ಲ. ಸತತ 29 ಪಂದ್ಯ ಗೆದ್ದು ಬಂದಿದ್ದ ಒಂದನೇ ರ್‍ಯಾಂಕಿನ ಜಾರ್ಜಿಯಾವನ್ನು 27–24ರಿಂದ ಕೆಡವಿತ್ತು. ಅಲಬಾಮವನ್ನು ಒಳಗೆ ತಂದರೆ ಸೆಪ್ಟೆಂಬರ್‌ನಲ್ಲಿ ಅದರ ಊರಿಗೇ ಹೋಗಿ ಅದನ್ನು ಸೋಲಿಸಿದ್ದ ಟೆಕ್ಸಾಸ್‌ನನ್ನು ಹೊರಗಿಡಲಾಗದು. ಮಿಷಿಗನ್, ವಾಷಿಂಗ್ಟನ್ ಎರಡೂ ಸೋತೇ ಇರಲಿಲ್ಲ. ಹೀಗೆ ಲೆಕ್ಕ ಹಾಕಿದರೆ ನಾಲ್ಕು ಕುರ್ಚಿಗೆ ಐದು ಜನ. ಸಮಿತಿಯ ಜಾಗದಲ್ಲಿ ಕೂತರೆ ಕಷ್ಟ ಅರ್ಥವಾಗುತ್ತದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಟ್ರಾವಿಸ್ ಕಾಲು ಮುರಿದುಕೊಂಡದ್ದು ನವೆಂಬರ್ 18ಕ್ಕೆ. ನವೆಂಬರ್ 28ರ ಪಟ್ಟಿಯಲ್ಲಿ ಇದೇ ಸಮಿತಿ ಫ್ಲೋರಿಡಾ ಸ್ಟೇಟ್‌ಗೆ ಕೊಟ್ಟದ್ದು ನಾಲ್ಕನೇ ಸ್ಥಾನ. ಅಲಬಾಮ ಎಂಟನೆಯದು. ಅಂದರೆ ಗಾಯದ ವಿಷಯ ಗೊತ್ತಿದ್ದೇ ನಾಲ್ಕರಲ್ಲಿ ಇಟ್ಟಿದ್ದರು. ಆಮೇಲೆ ತಂಡ ಮಾಡಿದ್ದು ಇನ್ನೊಂದು ಪಂದ್ಯ ಗೆದ್ದದ್ದು ಮತ್ತು ಕಾನ್ಫರೆನ್ಸ್ ಚಾಂಪಿಯನ್ ಆದದ್ದು. ಗೆದ್ದು ಕೆಳಗಿಳಿಯಿತು.

2014ರ ಉದಾಹರಣೆ ನೋಡಿ. ಒಹಾಯೊ ಸ್ಟೇಟ್ ತಂಡದ ಕ್ವಾರ್ಟರ್‌ಬ್ಯಾಕ್‌ಗೂ ಸೀಸನ್ನಿನ ಕೊನೆಯಲ್ಲಿ ಇದೇ ಗತಿಯಾಯಿತು. ಮೂರನೇ ಆಯ್ಕೆಯ ಕಾರ್ಡೇಲ್ ಜೋನ್ಸ್ ಕಾನ್ಫರೆನ್ಸ್ ಫೈನಲ್ ಆಡಿದ, ತಂಡ ವಿಸ್ಕಾನ್ಸಿನ್ ಅನ್ನು 59–0ಯಿಂದ ಹೊಸಕಿ ಹಾಕಿತು. ಒಂದು ಸೋಲಿದ್ದರೂ ಸಮಿತಿ ನಾಲ್ಕನೇ ಸ್ಥಾನ ಕೊಟ್ಟಿತು, ಅವರು ಹೋಗಿ ಚಾಂಪಿಯನ್ ಆಗಿ ಬಂದರು. ಎರಡು ಪ್ರಕರಣಗಳ ನಡುವಿನ ವ್ಯತ್ಯಾಸ ಅಂಕದ ಅಂತರ: ಅಲ್ಲಿ 59, ಇಲ್ಲಿ 10. ಹಾಗಾದರೆ ಹತ್ತು ಸಾಲದು, ಎಷ್ಟು ಬೇಕಿತ್ತು? 20? 30? ಶನಿವಾರ ಮೈದಾನಕ್ಕೆ ಇಳಿಯುವ ಮೊದಲು ಬ್ರಾಕ್ ಗ್ಲೆನ್‌ಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ಅಂಥ ಸಂಖ್ಯೆಯೇ ಇರಲಿಲ್ಲ.

ನಮಗೆ ಇದು ಬೇಗ ಅರ್ಥವಾಗಬೇಕಾದರೆ 2024ರ ಮೇ 18ರ ಚಿನ್ನಸ್ವಾಮಿ ನೆನಪಿಸಿಕೊಳ್ಳಿ. ಆರ್‌ಸಿಬಿ 218 ಹೊಡೆದಿತ್ತು. ಚೆನ್ನೈ ಗೆಲ್ಲಲೇಬೇಕೆಂದಿರಲಿಲ್ಲ, 201 ಹೊಡೆದರೂ ಪ್ಲೇಆಫ್‌ಗೆ ಹೋಗುತ್ತಿತ್ತು. ಕೊನೇ ಓವರ್‌ನಲ್ಲಿ ಯಶ್ ದಯಾಳ್ ಕೈಯಲ್ಲಿ ಚೆಂಡು, ಎದುರಿಗೆ ಧೋನಿ. ಆ 201 ಮೈದಾನದಲ್ಲಿದ್ದವರಿಗೂ ಗೊತ್ತಿತ್ತು, ಹಾಸ್ಟೆಲ್‌ನಲ್ಲಿ ಒಂದೇ ಮೊಬೈಲ್‌ಗೆ ಮುಗಿಬಿದ್ದು ನೋಡುತ್ತಿದ್ದ ನಮಗೂ ಗೊತ್ತಿತ್ತು. ನೆಟ್ ರನ್‌ರೇಟ್ ಒಳ್ಳೆಯ ಅಳತೆಗೋಲೋ ಅಲ್ಲವೋ, ಅದರ ಬಗ್ಗೆ ಜಗಳವಾಡಬಹುದು. ಆದರೆ ಪಂದ್ಯ ಮುಗಿದ ಮೇಲೆ ಯಾರೂ ಕೋಣೆಯೊಳಗೆ ಕೂತು ಅಳತೆಗೋಲು ಹುಡುಕಲಿಲ್ಲ.

ಕಾಲೇಜು ಫುಟ್‌ಬಾಲ್ ಸಮಿತಿ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಬೇಕಾದಾಗ ಬೇಕಾದ್ದನ್ನು ಕೇಳುತ್ತದೆ. ಈ ವರ್ಷ ಯಾರು ಹೆಚ್ಚು ಸಾಧಿಸಿದರು ಎಂಬುದು ಒಂದು. ಮುಂದಿನ ತಿಂಗಳು ಆಡಿದರೆ ಯಾರು ಗೆಲ್ಲಬಹುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸ್ಕೋರ್‌ಬೋರ್ಡ್‌ನಲ್ಲಿದೆ. ಎರಡನೆಯದು ಊಹೆ. ಲ್ಯಾಬ್‌ನಲ್ಲಿ ಎರಡು ರೀಡಿಂಗ್ ತೆಗೆದುಕೊಂಡು ಗ್ರಾಫನ್ನು ಪುಟದಾಚೆಗೆ ಎಳೆದರೆ ನಮ್ಮ ಮೇಷ್ಟ್ರು ರೆಕಾರ್ಡ್ ಪುಸ್ತಕವನ್ನೇ ಎಸೆಯುತ್ತಾರೆ. ಇಲ್ಲಿ ಟ್ರಾವಿಸ್ ಇಲ್ಲದೆ ಆರಂಭಿಸಿದ ಪಂದ್ಯಗಳು ಎರಡೇ, ಎರಡರಲ್ಲೂ ಗೆಲುವು. ಗ್ರಾಫ್ ಮಾತ್ರ ಸೋಲಿನ ಕಡೆಗೆ.

ಕ್ಯಾಂಪಸ್ ಸಂದರ್ಶನಕ್ಕೆ ಕಾಯುತ್ತಿರುವ ಯಾರಿಗಾದರೂ ಈ ಎರಡು ಪ್ರಶ್ನೆಗಳ ಪರಿಚಯ ಇದೆ. ನಮ್ಮ ಸೀನಿಯರ್ ಒಬ್ಬರಿಗೆ ಒಂದೂ ಬ್ಯಾಕ್‌ಲಾಗ್ ಇರಲಿಲ್ಲ. ಆಪ್ಟಿಟ್ಯೂಡ್, ಕೋಡಿಂಗ್, ಟೆಕ್ನಿಕಲ್ ಎಲ್ಲ ಸುತ್ತು ದಾಟಿದರು. ಕೊನೆಗೆ ಕಂಪನಿಯಿಂದ ಬಂದ ಮೇಲ್‌ನಲ್ಲಿ ಇದ್ದದ್ದು ಒಂದೇ ಕಾರಣ: ಸದ್ಯದ ನಮ್ಮ ಅಗತ್ಯಕ್ಕೆ ನೀವು ಹೊಂದುವುದಿಲ್ಲ. ಕಂಪನಿಗೆ ಭವಿಷ್ಯ ಊಹಿಸುವ ಹಕ್ಕಿದೆ, ಸಂಬಳ ಕೊಡುವವರು ಅವರು. ಆದರೆ ಚಾಂಪಿಯನ್‌ಷಿಪ್ ಎನ್ನುವುದು ನೇಮಕಾತಿಯಲ್ಲ. ಗೆದ್ದವರನ್ನು ಮುಂದಕ್ಕೆ ಕಳಿಸಲೆಂದೇ ಪಂದ್ಯ ಆಡಿಸುವುದು.

ಅಲ್ಲಿ ಹಣದ ಮಾತೂ ಎದ್ದಿತು. ಅಲಬಾಮ ಇರುವ ಎಸ್‌ಇಸಿ ಕಾನ್ಫರೆನ್ಸ್‌ನ ಒಂದು ತಂಡವಾದರೂ ಇಲ್ಲದ ಪ್ಲೇಆಫ್ ಆ ಹತ್ತು ವರ್ಷಗಳಲ್ಲಿ ಒಂದೂ ನಡೆದಿಲ್ಲ. ಅದಕ್ಕೇ ಹೀಗಾಯಿತು ಎಂದು ಹೇಳಲು ಪುರಾವೆ ಇಲ್ಲ, ನಾನು ಹೇಳುವುದೂ ಇಲ್ಲ. ಆದರೆ ಕಾರಣ ಪಂದ್ಯದ ನಂತರ ಬಂದರೆ ಅನುಮಾನ ಅದರ ಹಿಂದೆಯೇ ಬರುತ್ತದೆ. ಗವರ್ನರ್ ರಾನ್ ಡಿಸ್ಯಾಂಟಿಸ್ ಕೋರ್ಟಿಗೆ ಹೋಗುವುದಾದರೆ ಎಂದು ರಾಜ್ಯ ಬಜೆಟ್‌ನಲ್ಲಿ 10 ಲಕ್ಷ ಡಾಲರ್ ಇಡುವ ಪ್ರಸ್ತಾಪ ಮಾಡಿದರು. ಯೂನಿವರ್ಸಿಟಿ ಕೋರ್ಟಿಗೆ ಹೋದದ್ದು ತನ್ನದೇ ಕಾನ್ಫರೆನ್ಸ್ ಎಸಿಸಿ ವಿರುದ್ಧ: ಇಲ್ಲಿದ್ದರೆ ಹಣವೂ ಕಡಿಮೆ, ಮರ್ಯಾದೆಯೂ ಕಡಿಮೆ, ಬಿಟ್ಟು ಹೋಗೋಣ ಎಂದರೆ 57 ಕೋಟಿ ಡಾಲರ್‌ಗೂ ಹೆಚ್ಚು ತೆರಬೇಕು ಎಂಬುದು ಅದರ ದೂರು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಟಿವಿಯಲ್ಲಿ ಹೆಚ್ಚು ಜನ ನೋಡುವ ತಂಡಕ್ಕೆ ಹೆಚ್ಚು ಪಾಲು ಎಂಬುದು ಆ ರಾಜಿಯ ತಿರುಳು.

ಡಿಸೆಂಬರ್ 30ಕ್ಕೆ ಫ್ಲೋರಿಡಾ ಸ್ಟೇಟ್‌ಗೆ ಸಮಾಧಾನಕರ ಬಹುಮಾನದಂತೆ ಆರೆಂಜ್ ಬೌಲ್ ಪಂದ್ಯ ಸಿಕ್ಕಿತು. ಎದುರಾಳಿ ಜಾರ್ಜಿಯಾ. ಫಲಿತಾಂಶ 63–3, ಬೌಲ್ ಪಂದ್ಯಗಳ ಇತಿಹಾಸದಲ್ಲೇ ದೊಡ್ಡ ಅಂತರ. ನೋಡಿ, ಸಮಿತಿ ಹೇಳಿದ್ದು ಸರಿಯಿತ್ತು ಎಂದು ಎಷ್ಟೋ ಜನ ನಕ್ಕರು. ಆದರೆ ಅಂದು ಆಡಿದ್ದು ಆ ತಂಡವಲ್ಲ. ಎರಡು ಡಜನ್‌ಗೂ ಹೆಚ್ಚು ಆಟಗಾರರು ಮೈದಾನಕ್ಕೆ ಇಳಿಯಲಿಲ್ಲ. ಕೆಲವರಿಗೆ ಗಾಯ, ಕೆಲವರು ಬೇರೆ ಕಾಲೇಜಿಗೆ ಹೊರಟಿದ್ದರು, ಇನ್ನು ಕೆಲವರು ಎನ್‌ಎಫ್‌ಎಲ್‌ನ ಹೊಸ್ತಿಲಲ್ಲಿದ್ದವರು. ಜಾರೆಡ್ ವರ್ಸ್ ಆಡಲಿಲ್ಲ. ನಾಲ್ಕು ತಿಂಗಳಲ್ಲಿ ಅವನು ಲಾಸ್ ಏಂಜಲೀಸ್ ರ್‍ಯಾಮ್ಸ್‌ನ ಮೊದಲ ಸುತ್ತಿನ ಆಯ್ಕೆ. ಗೆದ್ದರೂ ಏನೂ ಸಿಗದ ಪಂದ್ಯದಲ್ಲಿ ಮಂಡಿ ಮುರಿದುಕೊಂಡರೆ ಕೆಲಸ ಹೋಗುತ್ತದೆ. ಇಪ್ಪತ್ತೊಂದರ ಹುಡುಗ ಹಾಗೆ ಯೋಚಿಸಿದರೆ ಸ್ವಾರ್ಥ ಅನ್ನಲು ನನಗೆ ಬಾಯಿ ಬರುವುದಿಲ್ಲ. ತಂಡ ಒಡೆಯಲು ದೊಡ್ಡ ಕಾರಣ ಸಮಿತಿಯ ತೀರ್ಪು. ಆಮೇಲೆ ಒಡೆದ ತಂಡವನ್ನೇ ತೀರ್ಪಿಗೆ ಸಾಕ್ಷಿ ಮಾಡಿದರು.

ತೀರ್ಪು ಬಂದ ದಿನ ಟ್ರಾವಿಸ್ ಬರೆದದ್ದು ಓದಿದರೆ ಸಂಕಟವಾಗುತ್ತದೆ. ನನ್ನ ಕಾಲು ಇನ್ನೂ ಮುಂಚೆಯೇ ಮುರಿಯಬಾರದಿತ್ತೇ, ಈ ತಂಡ ನಾನೊಬ್ಬನೇ ಅಲ್ಲ ಎಂದು ಆಗ ನಿಮಗೆ ಕಾಣುತ್ತಿತ್ತು ಎಂಬರ್ಥದ ಮಾತು ಅದು. 2024ರಲ್ಲಿ ನ್ಯೂಯಾರ್ಕ್ ಜೆಟ್ಸ್ ಅವನನ್ನು ಐದನೇ ಸುತ್ತಿನಲ್ಲಿ ತೆಗೆದುಕೊಂಡಿತು. ಕಾಲು ಸರಿಹೋಗಲಿಲ್ಲ. ಒಂದೂ ಎನ್‌ಎಫ್‌ಎಲ್ ಪಂದ್ಯ ಆಡದೆ 2025ರ ಏಪ್ರಿಲ್‌ನಲ್ಲಿ ನಿವೃತ್ತಿ ಹೇಳಿದ.

2024ರಿಂದ ಪ್ಲೇಆಫ್‌ಗೆ 12 ತಂಡ. ಅದರಲ್ಲಿ ಐದು ಸ್ಥಾನ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೇ ಮೀಸಲು. ಈ ನಿಯಮ ಒಂದು ವರ್ಷ ಮುಂಚೆ ಬಂದಿದ್ದರೆ ಚರ್ಚೆಯೇ ಬೇಕಿರಲಿಲ್ಲ. ಬಂದ ವರ್ಷ ಫ್ಲೋರಿಡಾ ಸ್ಟೇಟ್ ಗೆದ್ದದ್ದು ಎರಡು, ಸೋತದ್ದು ಹತ್ತು.

ಆದರೆ ಉಳಿದ ಏಳು ಸ್ಥಾನ ಇನ್ನೂ ಸಮಿತಿಯ ಕೈಯಲ್ಲೇ ಇದೆ. 2025ರ ಡಿಸೆಂಬರ್‌ನಲ್ಲಿ ನೊಟರ್ ಡೇಮ್ ಮತ್ತು ಮಯಾಮಿ ಎರಡೂ 10 ಗೆದ್ದು 2 ಸೋತಿದ್ದವು. ಆಗಸ್ಟ್ 31ಕ್ಕೆ ಮಯಾಮಿ 27–24ರಿಂದ ನೊಟರ್ ಡೇಮ್ ಅನ್ನು ಸೋಲಿಸಿತ್ತು. ಆದರೂ ವಾರಗಟ್ಟಲೆ ನೊಟರ್ ಡೇಮ್ ಮೇಲೆ, ಮಯಾಮಿ ಕೆಳಗೆ. ಕೊನೆಯ ವಾರ ಎರಡೂ ತಂಡ ಆಡಲೇ ಇಲ್ಲ. ಡಿಸೆಂಬರ್ 7ರ ಪಟ್ಟಿಯಲ್ಲಿ ಮಯಾಮಿ ಮೇಲೆ, ನೊಟರ್ ಡೇಮ್ ಹೊರಗೆ. ಅದೇ ವಾರ ಕಾನ್ಫರೆನ್ಸ್ ಫೈನಲ್‌ನಲ್ಲಿ 28–7ರಿಂದ ಸೋತ ಅಲಬಾಮ ಮಾತ್ರ ಒಂಬತ್ತನೇ ಸ್ಥಾನದಿಂದ ಕದಲಲಿಲ್ಲ. ಅದರ ಮೂರು ಸೋಲುಗಳಲ್ಲಿ ಮೊದಲನೆಯದು ಸೀಸನ್ನಿನ ಮೊದಲ ಪಂದ್ಯದಲ್ಲಿ, ಟ್ಯಾಲಹಾಸಿಯಲ್ಲಿ, ಫ್ಲೋರಿಡಾ ಸ್ಟೇಟ್ ವಿರುದ್ಧ. ಹತ್ತನೇ ಸ್ಥಾನದ ಮಯಾಮಿ ಫೈನಲ್‌ವರೆಗೂ ಹೋಗಿ ಇಂಡಿಯಾನಾಗೆ 27–21ರಿಂದ ಸೋತಿತು. ನೊಟರ್ ಡೇಮ್ ಯಾವ ಬೌಲ್ ಪಂದ್ಯವೂ ಬೇಡವೆಂದು ಸೀಸನ್ನನ್ನು ಅಲ್ಲಿಗೇ ಮುಗಿಸಿತು.