ಇಂದಿರಾನಗರದ ಗೂಂಡಾ ಮತ್ತು ಅವನಮ್ಮ

2021ರ ಐಪಿಎಲ್ ಟೈಮಲ್ಲಿ ಬಂದ ಜಾಹೀರಾತು ನೆನಪಿದೆಯಲ್ಲ? ನಮ್ಮ ರಾಹುಲ್ ದ್ರಾವಿಡ್ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡು ತಲೆ ಕೆಟ್ಟು, ಬ್ಯಾಟು ಹಿಡ್ಕೊಂಡು, ನಾನು ಇಂದಿರಾನಗರದ ಗೂಂಡಾ ಅಂತ ಹಿಂದೀಲಿ ಕಿರುಚ್ತಾರೆ. ಇಡೀ ದೇಶ ನಕ್ಕಿತು. ಇಂದಿರಾನಗರದಲ್ಲೇ ಇರೋ ನಾವಂತೂ ಇನ್ನೂ ಜಾಸ್ತಿ ನಕ್ಕಿದ್ವಿ. ಆಮೇಲೆ ಆ ಮಾತು ಟೀ ಷರ್ಟಿನ ಮೇಲೂ ಬಂತು. ಅದು ನಗು ಬಂದಿದ್ದು ಯಾಕೆ ಅಂದ್ರೆ ದ್ರಾವಿಡ್ ಅಂಥವರಲ್ಲ ಅಂತ ಎಲ್ಲರಿಗೂ ಗೊತ್ತು. ಅದು ತಮಾಷೆ, ತಮಾಷೆಗೆ ನನ್ನದೇನೂ ತಕರಾರಿಲ್ಲ.

ತಕರಾರಿರೋದು ತಮಾಷೆ ಅಲ್ಲದ ಕಡೆ. ಟೀವಿ ಹಾಕಿದ್ರೆ ಸಾಕು, ಯಾವುದೋ ಒಬ್ಬ ಹುಡುಗ ಮೇಲೆ ಬರ್ತಿರ್ತಾನೆ. ಏನೂ ಇಲ್ಲದೋನು, ಗಡ್ಡ ಬಿಟ್ಟೋನು, ಕಣ್ಣಲ್ಲಿ ಬೆಂಕಿ. ಮೊದಲು ಒಬ್ಬನಿಗೆ ಹೊಡೀತಾನೆ, ಆಮೇಲೆ ಹತ್ತು ಜನಕ್ಕೆ, ಆಮೇಲೆ ಊರೇ ಅವನದು. ಹಿಂದೀಲಿ ಮಿರ್ಜಾಪುರ, ನಮ್ಮಲ್ಲಿ ಹೆಡ್ ಬುಷ್, ಸಲಗ, ಭೀಮ. ಓಟಿಟಿ ಬಂದ ಮೇಲೆ ಹೊತ್ತು ಗೊತ್ತು ಅನ್ನೋದೂ ಹೋಯ್ತು, ನಾನು ಹುಣಸೆಹಣ್ಣು ಕಿವುಚ್ತಾ ಇರ್ತೀನಿ, ಹಾಲಲ್ಲಿ ಒಬ್ಬರ ಕೈ ಹೋಗಿರುತ್ತೆ.

ನಮ್ಮನೇಲಿ ಇದರ ಬಗ್ಗೆ ಎರಡು ಪಕ್ಷ. ನಮ್ಮ ಮೈದುನ ಬಂದಾಗೆಲ್ಲ, ಅತ್ತಿಗೆ, ಇಂಥವನ್ನೆಲ್ಲ ಬ್ಯಾನ್ ಮಾಡ್ಬೇಕು, ಹುಡುಗರು ಹಾಳಾಗ್ತಿರೋದೇ ಇದರಿಂದ ಅಂತಾರೆ. ನಮ್ಮ ಮಗ, ಅಯ್ಯೋ ಅಮ್ಮಾ, ಕಡೇಗೆ ಅವನು ಸಾಯ್ತಾನಲ್ಲ, ಕೆಟ್ಟದಕ್ಕೆ ಕೆಟ್ಟದೇ ಆಗುತ್ತೆ ಅಂತ ತೋರಿಸಿದಾರಲ್ಲ ಅಂತಾನೆ. ಇಬ್ಬರ ಮಾತೂ ನನಗೆ ಒಪ್ಪಿಗೆ ಇಲ್ಲ.

ಬ್ಯಾನ್ ಮಾಡಿದ್ರೆ ಏನೂ ಆಗಲ್ಲ. ಈ ಊರಲ್ಲಿ ಟೀವಿ ಬರೋಕೆ ಮುಂಚೇನೂ ದಾದಾಗಳಿದ್ರು. ಆದರೆ ಕಡೇಗೆ ಸಾಯ್ತಾನೆ ಅನ್ನೋ ಮಾತಿದೆಯಲ್ಲ, ಅದು ಬರೀ ಮೋಸ. ಸಾಯೋದನ್ನ ಹೇಗೆ ತೋರಿಸ್ತಾರೆ ನೋಡಿ. ಮಳೆ ಬೀಳ್ತಿರುತ್ತೆ, ನಿಧಾನವಾಗಿ ಬೀಳ್ತಾನೆ, ಹಿಂದೆ ಪಿಟೀಲು ಕುಯ್ತಿರ್ತಾರೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಅದು ಹೆದರಿಕೆ ಹುಟ್ಟಿಸುತ್ತಾ? ಅವನಿಗೆ ಅದೂ ಬೇಕು ಅನ್ಸುತ್ತೆ. ಸಾವೂ ಒಂದು ಪ್ರೊಮೋಷನ್ ಥರಾನೇ ಇರುತ್ತೆ. ಹೆದರಿಸೋದು ಸಾವಲ್ಲ, ಸಾವಿನ ಮುಂಚಿನ ಹತ್ತು ಹದಿನೈದು ವರ್ಷ. ಅದನ್ನ ಮಾತ್ರ ಯಾರೂ ತೋರಿಸಲ್ಲ, ಯಾಕೆ ಅಂದ್ರೆ ಅದು ಬೋರು.

ಮಗ ಹಾಕಿದ್ದ ಅಂತ ಇಂಗ್ಲಿಷ್ ಸೀರಿಯಲ್ ಒಂದನ್ನೂ ನಾನು ಸುಮಾರು ನೋಡಿದೆ, ದಿ ಸೋಪ್ರಾನೋಸ್ ಅಂತ. 1999ರಿಂದ 2007ರವರೆಗೆ ಅಮೆರಿಕದಲ್ಲಿ ಬಂದಿದ್ದು, 86 ಕಂತು. ನನ್ನ ಪಿಯುಸಿ ಇಂಗ್ಲಿಷಿಗೆ ಕೆಳಗೆ ಬರೋ ಅಕ್ಷರ ಓದೋದ್ರಲ್ಲೇ ಅರ್ಧ ಓಡಿಹೋಗ್ತಿತ್ತು, ಮಿಕ್ಕಿದ್ದು ಮಗ ಹೇಳ್ತಿದ್ದ. ಬೈಗುಳಾನೂ ಜಾಸ್ತಿ, ಎಲ್ಲರ ಜೊತೆ ಕೂತು ನೋಡೋ ಹಾಗಿಲ್ಲ. ಆದರೆ ಅದರಲ್ಲಿ ಕ್ರಿಸ್ಟೋಫರ್ ಅಂತ ಒಬ್ಬ ಹುಡುಗ ಬರ್ತಾನೆ, ಅವನನ್ನ ನೋಡಿ ನಾನು ಬಟ್ಟೆ ಮಡಿಸೋದು ನಿಲ್ಲಿಸಿ ಕೂತುಬಿಟ್ಟೆ. ಸೋದರಳಿಯ ಅಂತ ಕರ್ಕೊಂಡು ದೊಡ್ಡ ದಾದಾ ಅವನನ್ನ ಜೊತೆಲಿ ಇಟ್ಕೊಂಡಿರ್ತಾನೆ. ಈ ಹುಡುಗನಿಗೆ ಒಂದೇ ಸಂಕಟ, ಪೇಪರಲ್ಲಿ ಎಲ್ಲಾ ಕಳ್ಳರ ಹೆಸರೂ ಬರುತ್ತೆ, ನನ್ನ ಹೆಸರು ಮಾತ್ರ ಬರಲ್ಲ ಅಂತ. ಅದೇ ಸಿಟ್ಟಲ್ಲಿ ಬೇಕರೀಲಿ ಕಾಯಿಸಿದ ಅಂತ ಕೆಲಸದ ಹುಡುಗನ ಕಾಲಿಗೆ ಗುಂಡು ಹೊಡೀತಾನೆ. ಕಡೇಗೊಂದು ದಿನ ಪೇಪರಲ್ಲಿ ಹೆಸರು ಬರುತ್ತೆ. ಫೋನ್ ಮಾಡಿ ಹೇಳೋದು ಯಾರು ಗೊತ್ತಾ? ಅವನ ಅಮ್ಮ. ಅವನು ಓಡಿಹೋಗಿ ಪೇಪರಿನ ಕಟ್ಟನ್ನೇ ಎತ್ಕೊಂಡು ಬರ್ತಾನೆ.

ಆಮೇಲೇನಾಯ್ತು ಅವನ ಕಥೆ? ಮದುವೆ ಆಗಬೇಕಿದ್ದ ಹುಡುಗೀನ ದಾದಾನ ಕಡೆಯವರಿಗೆ ತಾನೇ ಬಿಟ್ಟುಕೊಟ್ಟ, ಅವಳನ್ನ ಕೊಂದರು. ತಾನೂ ಕುಡಿತ, ಡ್ರಗ್ಸು ಅಂತ ಹಾಳಾದ. ಕೊನೆಗೆ ಕಾರು ಉರುಳಿ ಉಸಿರಾಡಕ್ಕೆ ಒದ್ದಾಡ್ತಾ ಇರ್ತಾನೆ, ಪಕ್ಕದಲ್ಲಿದ್ದ ಅದೇ ಮಾವ ಆಸ್ಪತ್ರೆಗೆ ಫೋನ್ ಮಾಡೋದು ಬಿಟ್ಟು ಅವನ ಮೂಗು ಹಿಡಿದು ಮುಚ್ತಾನೆ. ಮಳೆ ಇಲ್ಲ, ಪಿಟೀಲಿಲ್ಲ. ಬೆಕ್ಕಿನ ಮರಿ ಸತ್ತ ಹಾಗೆ ಸತ್ತ. ಇಷ್ಟಕ್ಕೇನಾ ಅಷ್ಟೆಲ್ಲ ಒದ್ದಾಡಿದ್ದು ಅನ್ಸುತ್ತೆ. ಅದು ನೋಡಿ, ಸರಿಯಾಗಿ ತೋರಿಸೋದು ಅಂದ್ರೆ. ಅವನು ರಾಜ ಆಗಕ್ಕೆ ಹೊರಟೋನು, ಉದ್ದಕ್ಕೂ ಆಳಾಗೇ ಇದ್ದ.

ಅದು ಅಮೆರಿಕ ಅನ್ನಬೇಡಿ. ನಮ್ಮೂರಿನ ಕಥೇನೇ ತಗೊಳ್ಳಿ. ಎಂ.ಪಿ. ಜಯರಾಜ್ ಅಂದ್ರೆ ನಮ್ಮ ವಯಸ್ಸಿನೋರಿಗೆಲ್ಲ ಗೊತ್ತು. ಬೆಂಗಳೂರಿನ ಡಾನ್ ಅಂತಿದ್ರು. ತಿಗಳರಪೇಟೆ ಕಡೆ ಗರಡಿ ಹುಡುಗ. ಅರಸು ಅವರ ಕಾಲದಲ್ಲಿ ಇಂಥ ಹುಡುಗರನ್ನ ಸೇರಿಸಿ ಇಂದಿರಾ ಬ್ರಿಗೇಡ್ ಅಂತ ಹೆಸರಿಟ್ಟು ಬಳಸಿಕೊಂಡೋರು ಯಾರು? ರಾಜಕೀಯದೋರು. ಊರಿಗೆಲ್ಲ ದೊಡ್ಡವನು ಅನ್ನಿಸಿಕೊಂಡೋನೇ ಇನ್ನೊಬ್ಬರ ಕೈಯಾಳಾಗಿದ್ದ ಅಂದ್ಮೇಲೆ ಅವನ ಹಿಂದೆ ಬೈಕಲ್ಲಿ ಹೋಗೋನು ಏನಾಗಿರಬೇಕು? ಇವನ ಎದುರಾಳಿ ಕೊತ್ವಾಲ್ ರಾಮಚಂದ್ರನ ಕೊಲೆ ಆಗಿದ್ದು 1986ರಲ್ಲಿ. ಜಯರಾಜ್ 1989ರಲ್ಲಿ ಲಾಲ್‌ಬಾಗ್ ಹತ್ತಿರ ಗುಂಡೇಟಿಗೆ ಸತ್ತ, ಜೊತೆಗಿದ್ದ ವಕೀಲರೂ ಸತ್ತರು. ಮಧ್ಯ ಎಷ್ಟು ವರ್ಷ ಆಯ್ತು ಲೆಕ್ಕ ಹಾಕಿ. ಮೂರು. ನಮ್ಮನೆ ಕುಕ್ಕರ್ ಇದಕ್ಕಿಂತ ಜಾಸ್ತಿ ಬಾಳಿಕೆ ಬಂದಿದೆ.

ಆ ಲೋಕದೊಳಗೇ ಇದ್ದು ಹೊರಗೆ ಬಂದ ಅಗ್ನಿ ಶ್ರೀಧರ್ ಅವರು ದಾದಾಗಿರಿಯ ದಿನಗಳು ಅಂತ ಬರೆದ್ರು, 2007ರಲ್ಲಿ ಆ ದಿನಗಳು ಸಿನಿಮಾ ಆಯ್ತು. ಗಿರೀಶ್ ಕಾರ್ನಾಡರೂ ಅದಕ್ಕೆ ಕೈ ಸೇರಿಸಿದ್ರು. ಒಳ್ಳೆ ಸಿನಿಮಾನೇ, ನಾನೂ ಒಪ್ತೀನಿ, ಅದರಲ್ಲಿ ದಾದಾಗಿರಿಗೆ ಒಂದು ಥರ ಸುಸ್ತು ಕಾಣುತ್ತೆ. ಆದರೆ ಹುಡುಗರು ಅದರಿಂದ ತಗೊಂಡಿದ್ದೇನು? ಕೊತ್ವಾಲ ಕೂರೋ ಸ್ಟೈಲು, ಕೊತ್ವಾಲನ ಗತ್ತು. ಓಂ ಬಂದಿದ್ದು 1995ರಲ್ಲಿ, ನಿಜವಾದ ರೌಡಿಗಳನ್ನೇ ಕರ್ಕೊಂಡು ಬಂದು ಉಪೇಂದ್ರ ಅದರಲ್ಲಿ ಆಕ್ಟ್ ಮಾಡಿಸಿದ್ರು. ಅರ್ಚಕರ ಮಗ ಮಚ್ಚು ಹಿಡಿಯೋ ಕಥೆ, ಬೇಡ್ರಪ್ಪಾ ಈ ದಾರಿ ಅಂತ ಹೇಳೋದೇ ಅದರ ಉದ್ದೇಶ. ಮತ್ತೆ ಮತ್ತೆ ರಿಲೀಸ್ ಆಗಿ ಓಡಿತು. ಉದ್ದೇಶ ಎಷ್ಟು ಜನಕ್ಕೆ ನೆನಪಿದೆ, ಮಚ್ಚು ಎಷ್ಟು ಜನಕ್ಕೆ ನೆನಪಿದೆ, ಆಟೋ ಸ್ಟ್ಯಾಂಡಲ್ಲಿ ಕೇಳಿ ನೋಡಿ.

ಒಂದು ಸಿನಿಮಾ ಮಾತ್ರ ನನ್ನ ಕರುಳು ಹಿಂಡಿತ್ತು. 2005ರ ಜೋಗಿ. ಹಳ್ಳಿಯಿಂದ ಮಗನ್ನ ಹುಡುಕ್ಕೊಂಡು ಬೆಂಗಳೂರಿಗೆ ಬಂದ ತಾಯಿ, ಅರುಂಧತಿ ನಾಗ್ ಮಾಡಿದ್ರು. ಮಗ ಇಲ್ಲಿ ರೌಡಿ ಆಗಿ ಹೆಸರು ಮಾಡಿರ್ತಾನೆ. ಆ ಹೆಸರೇ ಅಡ್ಡ, ಅಮ್ಮನಿಗೆ ಗೊತ್ತಿರೋದು ತಾನಿಟ್ಟ ಮಾದೇಶ ಅನ್ನೋ ಹೆಸರು, ಊರಿಗೆ ಗೊತ್ತಿರೋದು ಜೋಗಿ. ಕೊನೆಗೆ ದಾರೀಲಿ ಹೋಗ್ತಿರೋ ಹೆಣದ ಮುಂದೆ ಕುಣೀತಾನೆ, ಅದು ತನ್ನ ಹೆತ್ತವಳ ಹೆಣ ಅಂತ ಅವನಿಗೆ ಗೊತ್ತಿರಲ್ಲ. ಥಿಯೇಟರಲ್ಲಿ ಹೆಂಗಸರೆಲ್ಲ ಸೆರಗಲ್ಲಿ ಮುಖ ಮುಚ್ಚಿಕೊಂಡಿದ್ವಿ. ಗಮನಿಸಿ, ನಮ್ಮ ರೌಡಿಗಳ ಹೆಸರೆಲ್ಲ ಹಾಗೇ. ಬೆಕ್ಕಿನ ಕಣ್ಣು, ಕೊರಂಗು, ಆಯಿಲ್. ಅವರವರ ಅಮ್ಮ ನಾಮಕರಣದಲ್ಲಿ ಮೂರು ಸಲ ಕಿವೀಲಿ ಹೇಳಿದ ಹೆಸರನ್ನ ಬೀದಿ ನುಂಗಿ ಹಾಕಿರುತ್ತೆ. ಹೆಸರು ಮಾಡಕ್ಕೆ ಹೋದೋರು ಇರೋ ಹೆಸರನ್ನೇ ಕಳ್ಕೊಂಡ್ರು.

ಈಗ ನಾನು ಯಾಕಿಷ್ಟು ಕೂಗಾಡ್ತಿದ್ದೀನಿ ಅಂತ ಹೇಳಿಬಿಡ್ತೀನಿ. ನಮ್ಮನೇಲಿ ಕೆಲಸಕ್ಕೆ ಬರೋ ಹೆಂಗಸು ಹನ್ನೊಂದು ವರ್ಷದಿಂದ ಬರ್ತಿದ್ದಾಳೆ. 100 ಅಡಿ ರಸ್ತೆ ಕಡೆ ಒಂದು ಊಟದ ಬಿಲ್ಲಿಗೆ ಕೊಡೋ ದುಡ್ಡು ಅವಳ ಒಂದು ಮನೆ ತಿಂಗಳ ಸಂಬಳ. ಅವಳಿಗೊಬ್ಬನೇ ಮಗ, ಈಗ ಹತ್ತೊಂಬತ್ತು. ನಮ್ಮನೆ ಮೆಟ್ಟಿಲ ಮೇಲೆ ಕೂತು ಮಗ್ಗಿ ಒಪ್ಪಿಸ್ತಿದ್ದೋನು. ಪಿಯುಸಿ ಅರ್ಧಕ್ಕೆ ಬಿಟ್ಟು ಒಬ್ಬ 'ಅಣ್ಣ'ನ ಹಿಂದೆ ಬಿದ್ದ. ಅಣ್ಣ ಏನು ಕೊಟ್ಟ? ಬೈಕ್ ಕೊಡಿಸ್ತೀನಿ ಅಂದ. ಮೊದಲ ಕಂತು ಕಟ್ಟಿದ್ದು ಅಣ್ಣ, ಸಾಲ ಇರೋದು ಅಮ್ಮನ ಹೆಸರಲ್ಲಿ. ಅಣ್ಣನ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿದ್ರು. 2018ರಲ್ಲಿ ಹೈಕೋರ್ಟು ಗದರಿದ ಮೇಲೆ ಒಂದಷ್ಟು ದಿನ ಫ್ಲೆಕ್ಸುಗಳು ಮಾಯ ಆಗಿದ್ವು, ಮತ್ತೆ ಬಂದ್ವು ಬಿಡಿ. ಮಧ್ಯದಲ್ಲಿ ಆನೆ ಗಾತ್ರ ಅಣ್ಣ, ಕೆಳಗಡೆ ಸಾಲಾಗಿ ಪಾಸ್‌ಪೋರ್ಟ್ ಸೈಜಿನ ಮುಖಗಳು. ಎಡಗಡೆಯಿಂದ ಏಳನೇದು ಇವನು. ಅಮ್ಮ ಮೊಬೈಲಲ್ಲಿ ಫೋಟೋ ತೆಗ್ದು ನಂಗೆ ತೋರಿಸಿದ್ಲು, ನೋಡಿ ಅಕ್ಕ ನಮ್ಮ ಹುಡುಗ ಅಂತ. ಅವಳ ಮುಖದಲ್ಲಿ ಹೆಮ್ಮೆನೂ ಇತ್ತು, ಭಯಾನೂ ಇತ್ತು. ಆ ಇಂಗ್ಲಿಷ್ ಸೀರಿಯಲ್ಲಿನ ಅಮ್ಮ ಫೋನ್ ಮಾಡಿದ್ದು ನನಗೆ ನೆನಪಾಯ್ತು ನೋಡಿ.

ಆರು ತಿಂಗಳು ಆಗಿರಲಿಲ್ಲ. ಒಂದು ಹೊಡೆದಾಟ, ಒಬ್ಬನಿಗೆ ತಲೆ ಒಡೀತು. ಅಣ್ಣ ಆ ದಿನ ಊರಲ್ಲೇ ಇರಲಿಲ್ಲವಂತೆ. ಒಳಗೆ ಹೋದೋನು ಇವನು. ಈಗ ಅವಳು ಪರಪ್ಪನ ಅಗ್ರಹಾರಕ್ಕೆ ಬಸ್ಸು ಬದಲಾಯಿಸಿ ಬದಲಾಯಿಸಿ ಹೋಗ್ತಾಳೆ. ಹೆಂಗಸರಿಗೆ ಬಸ್ಸು ಫ್ರೀ, ಶಕ್ತಿ ಯೋಜನೆ ಪುಣ್ಯ, ಆದರೆ ಅವತ್ತಿನ ನಾಲ್ಕು ಮನೆ ಕೆಲಸ ಹೋಗುತ್ತಲ್ಲ, ಅದನ್ನ ಯಾವ ಯೋಜನೆ ಕೊಡುತ್ತೆ? ಮುಲಾಕಾತ್ ಅನ್ನೋ ಮಾತನ್ನ ನಾನು ಕಲಿತಿದ್ದೇ ಅವಳಿಂದ. ಜಾಮೀನಿಗೆ ನಿಲ್ಲೋರು ಬೇಕು, ಪಹಣಿ ಇರೋರು ಬೇಕು. ಇವಳ ಕಡೆ ಪಹಣಿ ಇರೋರು ಯಾರಿದ್ದಾರೆ? ಕಿವಿಯ ಓಲೆ ಆಗ್ಲೇ ಅಡ ಹೋಗಿದೆ. ಬೈಕ್ ಸ್ಟೇಷನ್ ಮುಂದೆ ಧೂಳು ಹಿಡೀತಾ ಇದೆ, ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕು ಕಟ್ತಾ ಇದ್ದಾಳೆ. ಇನ್ನು ರೌಡಿ ಶೀಟ್ ತೆರೆದುಬಿಟ್ರೆ ಮುಗೀತು, ಎಲೆಕ್ಷನ್ ಬಂದಾಗೆಲ್ಲ ಪರೇಡು, ಬೆಳಗಿನ ಜಾವ ಪೊಲೀಸರು ಬಾಗಿಲು ಬಡಿದ್ರೆ ತೆಗೆಯೋದು ಅವಳೇ. 1985ರ ಗೂಂಡಾ ಕಾಯ್ದೆ ಹಾಕಿದ್ರೆ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಗೂಂಡಾ ಅನ್ನೋ ಪದಕ್ಕೆ ಈ ಅರ್ಥಾನೂ ಇದೆ, ಟೀ ಷರ್ಟ್ ಹಾಕ್ಕೊಳ್ಳೋರಿಗೆ ಗೊತ್ತಿರಲಿ.

ಟೀವಿ ನೋಡಿ ಹಾಳಾದ ಅಂತ ನಾನು ಹೇಳ್ತಿಲ್ಲ. ಕಾಲೇಜು ಬಿಟ್ಟ ಹುಡುಗನಿಗೆ ಈ ಇಂದಿರಾನಗರದಲ್ಲಿ ಪಾರ್ಸಲ್ ಹೊತ್ಕೊಂಡು ಹೋಗೋದು ಬಿಟ್ಟು ಬೇರೆ ಏನಿದೆ? ಎಲ್ಲರ ಮನೆ ಗೇಟಲ್ಲೂ ಸೆಕ್ಯುರಿಟಿ ಅವನನ್ನ ತಡೆದು ನಿಲ್ಲಿಸ್ತಾನೆ, ಲಿಫ್ಟ್ ಹತ್ತಬೇಡ ಅಂತಾನೆ. ಅಂಥೋನಿಗೆ ಅಣ್ಣ ಹೆಗಲ ಮೇಲೆ ಕೈ ಹಾಕಿ ಏನೋ ಮಗಾ ಅಂದ. ಆಸೆ ಹುಟ್ಟಿದ್ದು ಅಲ್ಲಿ. ಟೀವಿ ಮಾಡಿದ್ದೇನು ಅಂದ್ರೆ ಆ ಆಸೆಗೆ ಸುಳ್ಳು ದಾರಿ ತೋರಿಸ್ತು. ಮೆಟ್ಟಿಲಿದೆ, ಹತ್ತಿದ್ರೆ ಮೇಲೆ ಸಿಂಹಾಸನ ಇದೆ ಅಂತು. ಮೆಟ್ಟಿಲೇ ಇಲ್ಲ ಅಲ್ಲಿ. ಕಡಿಮೆ ಸಂಬಳದ ಕೆಲಸ ಅದು, ಪಿಎಫ್ಫಿಲ್ಲ, ರಜೆ ಇಲ್ಲ, ತಪ್ಪು ಯಜಮಾನಂದು, ಜೈಲು ಕೆಲಸದೋನಿಗೆ. ಅವನಮ್ಮ ನಮ್ಮನೇಲಿ ಮಾಡೋ ಕೆಲಸಕ್ಕೆ ಇದಕ್ಕಿಂತ ಮರ್ಯಾದೆ ಇದೆ.

ಇದನ್ನ ಹೇಳಿದ್ರೆ ಸಿನಿಮಾದೋರು, ನಾವು ಇರೋದನ್ನೇ ತೋರಿಸ್ತೀವಿ ಅಂತಾರೆ. ಇರೋದರಲ್ಲಿ ಕಾಲುಭಾಗ ತೋರಿಸ್ತೀರಿ ಸ್ವಾಮಿ. 2025ರ ಮಾರ್ಚಲ್ಲಿ ಟೀವಿ ಷೋದಿಂದ ಹೆಸರಾದ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ರಲ್ಲ, ಮಚ್ಚು ಈಗ ಕೂಲಿಂಗ್ ಗ್ಲಾಸ್ ಥರ ಆಗಿಹೋಗಿದೆ. ಮಚ್ಚಿನ ಆ ಕಡೆ ಇರೋ ಮುಖ ಯಾವ ರೀಲಲ್ಲಿ ಬಂತು? ತಲೆ ಒಡೆಸಿಕೊಂಡ ಹುಡುಗನಿಗೂ ಒಬ್ಬ ಅಮ್ಮ ಇದ್ದಾಳೆ, ಅವಳು ಇನ್ನೊಂದು ಗಲ್ಲೀಲಿ ಹೂವು ಮಾರ್ತಾಳೆ. ಮೊದಲು ಇವಳೇ ಅವಳ ಹತ್ರ ದಿನಾ ಮೊಳ ಹೂವು ತಗೊಳ್ತಿದ್ಲು. ಈಗ ಸುತ್ತು ಹಾಕ್ಕೊಂಡು ಬೇರೆ ದಾರೀಲಿ ಬರ್ತಾಳೆ.

ಮುಂದಿನ ವಾಯಿದೆ ಗುರುವಾರ. ಇಂಥ ಸಿನಿಮಾ ಬರೆಯೋ ಯಾರಾದ್ರೂ ಇದನ್ನ ಓದ್ತಿದ್ರೆ ಅವತ್ತು ಬನ್ನಿ, ಕೋರ್ಟಿನ ಕಾರಿಡಾರಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಪ್ಲಾಸ್ಟಿಕ್ ಕವರಲ್ಲಿ ಆಧಾರ್ ಜೆರಾಕ್ಸ್ ಹಿಡ್ಕೊಂಡು ನಿಂತಿರ್ತಾಳೆ. ಕ್ಯಾಮೆರಾ ಅಲ್ಲಿಡಿ. ಪಿಟೀಲು ಬೇಕಿದ್ರೆ ಹಾಕ್ಕೊಳ್ಳಿ.