ಬಿಲ್ಲಿಂಗ್ ಯಂತ್ರವೂ ಉದ್ರಿ ಪುಸ್ತಕವೂ

ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಅವನಿಗೆ ಒಂದೊಂದು ಕಿರಾಣಿ ಅಂಗಡಿಯಿದೆ. ಮೂರರಲ್ಲಿಯೂ ಒಂದೇ ದಿನ ಬಾರ್‌ಕೋಡ್ ಓದುವ ಬಿಲ್ಲಿಂಗ್ ಯಂತ್ರ ಕೂರಿಸಿ, ಉದ್ರಿ ಪುಸ್ತಕವನ್ನು ಮುಚ್ಚಿಬಿಡುವ ಯೋಜನೆಯನ್ನು ಕಾಗದದಲ್ಲಿ ಬರೆದುಕೊಂಡೇ ಬಂದಿದ್ದ. (ಅಕ್ಷರ ಇಂದಿಗೂ ದುಂಡಗಿದೆ, ಸಂತೋಷ.) ಯಂತ್ರವೇ ಬೇಡವೆನ್ನುವವನು ನಾನಲ್ಲ. ಆದರೆ ಆ ಕಾಗದದಲ್ಲಿ ಗಿರಾಕಿಯೇ ಇರಲಿಲ್ಲ.

ಇಂದು ನಾವು ಕಾಣುವ ಗೆರೆಗಳ ಬಾರ್‌ಕೋಡನ್ನು ಅಂಗಡಿಯ ಗಲ್ಲಾದಲ್ಲಿ ಮೊದಲು ಓದಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದಲ್ಲಿ. ವಸ್ತು ಚೂಯಿಂಗ್ ಗಮ್ ಪೊಟ್ಟಣ. ಚೀಲದಿಂದ ತೂಗಿ ಕೊಡುವ ಜೋಳಕ್ಕೆ, ತೊಗರಿಬೇಳೆಗೆ ಆ ಗೆರೆಗಳೆಲ್ಲಿ? ತಕ್ಕಡಿಗೆ ಯಂತ್ರವನ್ನು ಜೋಡಿಸದಿದ್ದರೆ ಆ ವ್ಯಾಪಾರವೆಲ್ಲ ಕೈಬರಹಕ್ಕೇ ಮರಳುತ್ತದೆ.

ಇನ್ನು ಉದ್ರಿ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರಿನ ರೈತನ ಕೈಗೆ ಹಣ ಬರುವುದು ಭತ್ತ ಮಾರಿದ ಮೇಲೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಕಾರ್ಮಿಕನಿಗಾದರೋ ತಿಂಗಳ ಸಂಬಳ. 2016ರಲ್ಲಿ ಬಂದ ಯುಪಿಐ ಹಣವನ್ನು ಕ್ಷಣದಲ್ಲಿ ದಾಟಿಸುತ್ತದೆ, ನಿಜ. ಇಲ್ಲದ ಹಣವನ್ನು ದಾಟಿಸಲಾರದು. ನೌಕರಿಯ ಮೊದಲ ವರ್ಷ ಸಂಬಳ ತಡವಾದಾಗ ಮೂರು ತಿಂಗಳು ಉದ್ರಿಯ ಅಕ್ಕಿ ಉಂಡವನು ನಾನು. ಕೊಟ್ಟವರು ಇವನ ತಂದೆ.

ಮೊದಲು ಮಸ್ಕಿಯ ಚಿಕ್ಕ ಅಂಗಡಿಯೊಂದರಲ್ಲಿಯೇ, ಸುಗ್ಗಿಯಿಂದ ಸುಗ್ಗಿಯವರೆಗೆ ನಡೆಸಿ ನೋಡು, ಉದ್ರಿಯನ್ನೂ ಯಂತ್ರದಲ್ಲಿಯೇ ಬರೆ ಎಂದೆ. ‘ಒಂದು ವರ್ಷ ಬಹಳವಾಯಿತು ಗುರುಗಳೇ’ ಎಂದು ಎದ್ದುಹೋದ. ಕಾಗದವನ್ನು ಮಾತ್ರ ಇಲ್ಲಿಯೇ ಬಿಟ್ಟಿದ್ದಾನೆ. ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೇನೆ.